ಕಾಕಾನ ಡೊಮೇನಿನ ಕೀಲಿ ತಗದದ್ದು

ಪುಣೆದ ಹಡಪ್ಸರದಾಗ ನಮ್ಮ ಕಾಕಾಂದು ಖಾನಾವಳಿ ಐತಿ, ಜ್ವಾಳದ ರೊಟ್ಟಿ ಊಟ, ಅದಕ್ಕೊಂದು ಡಾಟ್ ಕಾಮ್ ವೆಬ್‌ಸೈಟೂ ಐತಿ. ಮಾಡಿಕೊಟ್ಟ ಹುಡುಗ ಡೊಮೇನನ್ನ, ಅಂದ್ರ ಸೈಟಿನ ವಿಳಾಸದ ಹೆಸರನ್ನ, ತನ್ನ ಹೆಸರು, ತನ್ನ ಇಮೇಲ್ ಮ್ಯಾಲೇ ತಗೊಂಡಿದ್ದ, ಈಗ ಅಂವ ನಾಗ್ಪುರಕ್ಕ ಹೋಗ್ಯಾನ. ಜೂನ್‌ನಾಗ ರಿನ್ಯೂವಲ್ ಮೇಲ್ ಬಂತು, ರೇಟ್ ನೋಡಿ ಕಾಕಾ "ತಮ್ಮಾ, ಇದನ್ನ ಬ್ಯಾರೆ ಕಡೆ ಹಾಕಿಬಿಡು" ಅಂದ್ರು. ಆಗಸ್ಟ್ 28ಕ್ಕ ಎಕ್ಸ್‌ಪೈರಿ, ಟೈಮ್ ಭಾಳ ಐತಿ ಬಿಡು ಅಂದ್ಕೊಂಡೆ.

ಕೆಲಸ ಮೂರೇ: ಡೊಮೇನ್ ಮಾರೂ ಬ್ಯಾರೆ ಕಂಪನಿಗೆ ಹೋಗದಂಗ ಹಾಕಿದ ಲಾಕ್ ತಗಿ, ಟ್ರಾನ್ಸ್‌ಫರ್ ಕೋಡ್ ತಗೋ, ಹೊಸ ಕಂಪನಿಯೊಳಗ ಅದನ್ನ ಹಾಕಿ ರೊಕ್ಕ ಕಟ್ಟು. ಆದ್ರ ನಾ ಶಾಣ್ಯಾತನ ಮಾಡಿ, ಮೊದಲು ಮಾಲೀಕರ ಹೆಸರು, ಇಮೇಲ್ ಎರಡೂ ಕಾಕಾಂದು ಮಾಡೂಣು ಅಂತ ಹೊಂಟೆ. ಲಾಗಿನ್ ಆ ಹುಡುಗನೇ ಕೊಟ್ಟ ಪಾಪ, ಅವನ ಮೇಲ್‌ಗೂ ನಮ್ಮ ಮೇಲ್‌ಗೂ ಬಂದ ಲಿಂಕ್ ಇಬ್ರೂ ಒತ್ತಿದ್ವಿ. ಮುಗದಮ್ಯಾಲೆ ನೋಡಿದ್ರ ಲಾಕ್ ಬಟನ್ ಬೂದಿ ಬಣ್ಣ ಆಗಿ ಕುಂತೈತಿ, ಒತ್ತಿದ್ರ ಅಳಗಾಡವಲ್ದು. ಡೊಮೇನಿನ ನಿಯಮ ಮಾಡೂ ಸಂಸ್ಥೆ ಐಕ್ಯಾನ್, ಅದರ ರೂಲ್ ಅದು, ಮಾಲೀಕರ ಹೆಸರೋ ಇಮೇಲೋ ಬದಲಾದ್ರ 60 ದಿನ ಟ್ರಾನ್ಸ್‌ಫರ್ ಬಂದ್. ಬದಲಿ ಮಾಡೂಕಿಂತ ಮೊದಲೇ "ಈ ಲಾಕ್ ಬ್ಯಾಡ" ಅಂತ ಟಿಕ್ ಹಾಕಾಕ ಕೆಲವು ಕಂಪನಿ ಬಿಡ್ತಾವ, ಈ ಫಾರ್ಮ್‌ನ್ಯಾಗೂ ಕೆಳಗ ಸಣ್ಣ ಅಕ್ಷರದಾಗ ಇತ್ತಂತ, ನಾ ನೋಡೇ ಇಲ್ಲ. ಸಪೋರ್ಟ್‌ನವರು ಈಗ ಏನೂ ಮಾಡಾಕ ಬರಂಗಿಲ್ಲ ಅಂದ್ರು. ಟ್ರಾನ್ಸ್‌ಫರ್ ಮೊದಲು, ಹೆಸರು ಆಮ್ಯಾಲೆ ಅನ್ನೂದು ಅವತ್ತು ತಿಳೀತು, ಕೋಡ್ ಬಂದಕೂಡ್ಲೆ ಕಳಸಪ್ಪಾ ಅಂತ ಆ ಹುಡುಗಗ ಹೇಳಿದ್ರ ಮುಗೀತಿತ್ತು.

ಕಾಕಾ ಗೋಡೆ ಮ್ಯಾಲಿನ ಕಾಲನಿರ್ಣಯದಾಗ, ಹಾಲಿನ ಲೆಕ್ಕದ ಬಾಜೂಕ, 60 ದಿನ ಮುಗಿಯೂ ಆಗಸ್ಟ್ 9ಕ್ಕ ಒಂದು ಗುಂಡು ಹಾಕಿದ್ರು. ನಡುವ ನಾ ಮಾಡಿದ ಒಂದು ಚಲೋ ಕೆಲಸ ಅಂದ್ರ, ಸೈಟು, ಮೇಲು ಎಲ್ಲಿ ಅದಾವ ಅಂತ ತೋರಸೂ ಡಿಎನ್‌ಎಸ್ ಹಳೆ ಕಂಪನಿಯಿಂದ ಮೊದಲೇ ಬ್ಯಾರೆ ಕಡೆ ಸರಿಸಿದ್ದು, ಇಲ್ಲಂದ್ರ ಟ್ರಾನ್ಸ್‌ಫರ್ ಆದಮ್ಯಾಲೆ ಅವರು ಅದನ್ನ ತಗದ್ರ ಸೈಟೂ ಮೇಲೂ ಎರಡೂ ಮಲಗ್ತಿದ್ವು.

9ನೇ ತಾರೀಖು ಲಾಕ್ ತಗದೆ. ಪ್ಯಾನೆಲ್‌ನ್ಯಾಗ ಅನ್‌ಲಾಕ್ ಅಂತ ಬಂದ್ರ ನಂಬಬ್ಯಾಡ್ರಿ, ಡೊಮೇನಿನ ವಿವರ ತೋರಸೂ ಹೂಈಸ್‌ನ್ಯಾಗ ಹುಡುಕಿ 'ಕ್ಲೈಂಟ್ ಟ್ರಾನ್ಸ್‌ಫರ್ ಪ್ರೊಹಿಬಿಟೆಡ್' ಅನ್ನೂ ಸಾಲು ಹೋಗಿ 'ಓಕೆ' ಬಂದೈತೇನು ನೋಡ್ರಿ. ಕೋಡ್ ಕಾಕಾನ ಮೇಲ್‌ಗೆ ಬಂತು, ಅವರು ವಾಟ್ಸಾಪ್‌ನ್ಯಾಗ ಕಳಸಿದ್ರು, ನಾ ಫೋನ್ ನೋಡಿ ಲ್ಯಾಪ್‌ಟಾಪ್‌ನ್ಯಾಗ ಹೊಡದೆ, ತಪ್ಪು ಅಂತು. ಮತ್ತ ಹೊಡದೆ, ಮತ್ತ ತಪ್ಪು. ಕೋಡ್ ದಪ್ಪ ಅಕ್ಷರದಾಗ ಯಾಕ ಐತಿ ಅಂತ ಆಗ ಹೊಳೀತು: ಮೊದಲಿಗೂ ಕಡೀಗೂ ಒಂದೊಂದು ಸ್ಟಾರ್ ಇತ್ತು, ವಾಟ್ಸಾಪ್ ಅದನ್ನ ಬೋಲ್ಡ್ ಅಂತ ತಿಳ್ಕೊಂಡು ನುಂಗಿಬಿಟ್ಟಿತ್ತು!

ಹಳೆ ಕಂಪನಿಯಿಂದ "ನಿಮಗ ಒಪ್ಪಿಗೀನಾ" ಅಂತ ಮೇಲ್ ಬಂತು, ಬ್ಯಾಡ ಅನ್ನಲಿಲ್ಲ ಅಂದ್ರ 5 ದಿನಕ್ಕ ತಾನೇ ಹೋಗ್ತದ, 14ಕ್ಕ ಹೋತು. ಎಕ್ಸ್‌ಪೈರಿಗೆ ಒಂದು ವರ್ಷ ಕೂಡಿ ಬಂತು, ಕಾಕಾಗ ಅದೇ ಖುಷಿ. ಹೊಸ ಕಡೆ ಮೊದಲು ಲಾಕ್ ಹಾಕೇ ಮಲಗಿದೆ. ಟ್ರಾನ್ಸ್‌ಫರ್ ಆದಮ್ಯಾಲೂ ಮತ್ತ 60 ದಿನ ಎಲ್ಲೂ ಹೋಗಾಕ ಬರಂಗಿಲ್ಲ ಅನ್ನೂದು ಮಾತ್ರ ಕಾಕಾಗ ಹೇಳಿಲ್ಲ, ಹೇಳಿದ್ರ ಮತ್ತ ಕಾಲನಿರ್ಣಯ ತಿರುವ್ತಾರ.