ಮೂರೇ ಬಟ್ಟಲಿನ ಚಹಾ: ಚಾವೊಜೌ ಪದ್ಧತಿ ನನ್ನ ಕೈಗೆ ಬಂದ ಬಗೆ

ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಪೂರ್ವಕ್ಕಿರುವ ಚಾವೊಜೌಗೆ ನಾನು ಹೋಗುತ್ತಿದ್ದದ್ದು ವಾಶ್‌ಬೇಸಿನ್, ಕಮೋಡು ಖರೀದಿಗೆ. ಪಿಂಗಾಣಿಯೇ ಆ ಊರಿನ ಕಸುಬು; ಸ್ಯಾನಿಟರಿ ವ್ಯಾಪಾರದವರಿಗೆಲ್ಲ ಹೆಸರು ಗೊತ್ತಿರುತ್ತದೆ. ಅಲ್ಲಿ ಯಾವ ಕಾರ್ಖಾನೆಗೆ ಹೋದರೂ ರೇಟಿನ ಮಾತು ಶುರುವಾಗುವುದು ಚಹಾ ತಟ್ಟೆಯ ಮುಂದೆ. ಗೇಟಿನ ಕಾವಲುಗಾರನ ಹತ್ತಿರವೂ ಅದೇ ತಟ್ಟೆ, ಅದೇ ಪುಟ್ಟ ಮೂರು ಬಟ್ಟಲು. ಎದುರು ಕೂತು ಅವರ ಕೈ ನೋಡಿ ನೋಡಿ ಕಲಿತದ್ದನ್ನು ಈಗ ಬೆಂಗಳೂರಿನ ಮನೆಯಲ್ಲಿ ದಿನಾ ಮಾಡುತ್ತೇನೆ. ಇದನ್ನು ಗೊಂಗ್‌ಫು ಚಹಾ ಅನ್ನುತ್ತಾರೆ.

ಹಳೇ ಪದ್ಧತಿಗೆ ಕೆಂಪು ಮಣ್ಣಿನ ಒಲೆ, ಚೀನೀ ಆಲಿವ್ ಬೀಜದ ಇದ್ದಿಲು, ಮುಷ್ಟಿಯಲ್ಲಿ ಮುಚ್ಚಿಹೋಗುವಷ್ಟು ಸಣ್ಣ ಮಣ್ಣಿನ ಪಾಟು ಬೇಕು. ದಿನಬಳಕೆಗೆ ಅಲ್ಲಿಯವರೇ ಕರೆಂಟಿನ ಕೆಟಲ್ಲು, ಗೈವಾನ್ ಹಿಡಿದಿದ್ದಾರೆ. ಗೈವಾನ್ ಅಂದರೆ ಮುಚ್ಚಳವಿರುವ, ಅಂಚು ಹೊರಕ್ಕೆ ಬಾಗಿದ ಪಿಂಗಾಣಿ ಬಟ್ಟಲು. 2022ರಲ್ಲಿ ಯುನೆಸ್ಕೋ ಚೀನಾದ ಚಹಾ ತಯಾರಿಕೆ ಮತ್ತು ಚಹಾ ಆಚರಣೆಗಳನ್ನು ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಚಾವೊಜೌ ಪದ್ಧತಿಯೂ ಅದರಲ್ಲಿ ಬಂತು. ರೇಷ್ಮೆ ಉಟ್ಟು, ಸಂಗೀತ ಹಾಕಿ, ಹಂತ ಹಂತವಾಗಿ ಮಾಡಿ ತೋರಿಸುವ ಪ್ರದರ್ಶನಗಳೂ ಇವೆ. ನನಗೆ ಕಲಿಸಿದವರು ಮಾತ್ರ ಕಿವಿಗೆ ಫೋನ್ ಸಿಕ್ಕಿಸಿಕೊಂಡು, ಸಿಗರೇಟು ಹಚ್ಚಿಕೊಂಡು ಸರಾಗವಾಗಿ ಮಾಡುತ್ತಿದ್ದರು. ಅದೇ ನಿಜವಾದ ಕೈ ಅಂತ ನನ್ನ ಅಭಿಪ್ರಾಯ.

ಎಲೆ ಫೆಂಗ್‌ಹುವಾಂಗ್ ಬೆಟ್ಟದ್ದು. ದಾನ್‌ತ್ಸೋಂಗ್ ಎಂಬ ಊಲಾಂಗ್ ಜಾತಿ, ಅಂದರೆ ಗ್ರೀನ್ ಟೀಗೂ ಕಪ್ಪು ಚಹಾಕ್ಕೂ ನಡುವಿನದು. ಕಪ್ಪುಗಂದು ಬಣ್ಣ, ಉದ್ದಕ್ಕೆ ಹೊಸೆದ ಎಳೆಗಳು. ಗಿಡದ ತಳಿಗೆ ತಕ್ಕಂತೆ ಪರಿಮಳ ಬೇರೆ ಬೇರೆ. ಹೊಸಬರಿಗೆ ಮಿ ಲಾನ್ ಶಿಯಾಂಗ್ ಒಳ್ಳೆಯದು. ಜೇನು, ಹಣ್ಣಿನ ವಾಸನೆ ಮೂಗಿಗೆ ಸುಲಭವಾಗಿ ಸಿಗುತ್ತದೆ. ಯಾ ಶಿ ಶಿಯಾಂಗ್ ಎಂಬುದರ ಹೆಸರಿನಲ್ಲಿ ಬಾತುಕೋಳಿಯ ಹಿಕ್ಕೆ ಇದೆ, ಲೋಟದಲ್ಲಿ ಇಲ್ಲ. ಧೈರ್ಯವಾಗಿ ಕುಡಿಯಿರಿ, ಹೂವಿನ ಘಮ.

ನನ್ನ ಅಳತೆ ಹೇಳುತ್ತೇನೆ. 110 ಮಿಲಿ ಗೈವಾನ್‌ಗೆ 8 ಗ್ರಾಂ ಎಲೆ. ಒಣ ಎಲೆಯೇ ಬಟ್ಟಲಿನ ಬಾಯಿವರೆಗೂ ಬರುತ್ತದೆ. ನೋಡಿದವರು ದುಂದು ಅಂತಾರೆ. ಎಲೆ ಹೆಚ್ಚು, ಹೊತ್ತು ಕಡಿಮೆ, ಇಷ್ಟೇ ಇದರ ಲೆಕ್ಕ. ಕುದಿಸಿ ಕುದಿಸಿ ಕಸುವು ಎಳೆಯುವ ನಮ್ಮ ಟೀಗೆ ಪೂರ್ತಿ ಉಲ್ಟಾ.

ಮೊದಲು ಗೈವಾನ್‌ಗೂ ಬಟ್ಟಲುಗಳಿಗೂ ಕುದಿನೀರು ಹಾಕಿ ಕಾಯಿಸಬೇಕು. ಒಂದು ಬಟ್ಟಲಿನ ಬಿಸಿನೀರಿನಲ್ಲಿ ಇನ್ನೊಂದನ್ನು ಅಂಚಿನ ಮೇಲೆ ನಿಲ್ಲಿಸಿ, ಹೆಬ್ಬೆರಳು, ತೋರುಬೆರಳು, ನಡುಬೆರಳಿನಲ್ಲಿ ಹಿಡಿದು ಗಿರಗಿರ ತಿರುಗಿಸುತ್ತಾರೆ. ಟಕಟಕ ಅಂತ ಸದ್ದಾಗುತ್ತದೆ, ತೊಳೆದ ಹಾಗೂ ಆಯಿತು, ಕಾದ ಹಾಗೂ ಆಯಿತು. ಎಲೆ ಹಾಕಿ, ಕುದಿಯುವ ನೀರನ್ನು ಎತ್ತರದಿಂದ ಅಂಚಿನ ಸುತ್ತ ಹೊಯ್ದು, ಮೇಲೆ ಬಂದ ನೊರೆಯನ್ನು ಮುಚ್ಚಳದಿಂದ ಸವರಿ ತೆಗೆಯಬೇಕು. ಈ ಮೊದಲ ನೀರನ್ನು ಚೆಲ್ಲಿಬಿಡುತ್ತೇನೆ.

ಎರಡನೇ ನೀರು ಹಾಕಿದ ಮೇಲೆ ಕಾಯುವ ಹಾಗಿಲ್ಲ. ಮುಚ್ಚಳ ಇಟ್ಟೆ, ಎತ್ತಿದೆ, ಬಗ್ಗಿಸಿದೆ. ಆರೇಳು ಸೆಕೆಂಡಿನೊಳಗೆ ಮುಗಿಯಬೇಕು. ಬೆರಳು ಸುಡುವುದು ಇಲ್ಲೇ. ಹೆಬ್ಬೆರಳು, ನಡುಬೆರಳು ಅಂಚಿನ ಎರಡು ತುದಿಗೆ, ತೋರುಬೆರಳು ಮುಚ್ಚಳದ ಗುಬ್ಬಿಗೆ; ಬೇರೆಲ್ಲೂ ಮುಟ್ಟಬಾರದು. ನೀರು ಮುಚ್ಚಳ ಕೂರುವ ಮಟ್ಟ ದಾಟಿದರೆ ಅಂಚೂ ಕಾದು ಹಿಡಿಯಲಾಗದು. ಮುಚ್ಚಳ ಓರೆ ಮಾಡಿ ಕೂದಲೆಳೆಯಷ್ಟು ಸಂದು ಬಿಟ್ಟರೆ ಎಲೆ ನಿಲ್ಲುತ್ತದೆ, ಚಹಾ ಇಳಿಯುತ್ತದೆ. ತಡ ಮಾಡಿದರೆ ದಾನ್‌ತ್ಸೋಂಗ್ ಕ್ಷಮಿಸುವುದಿಲ್ಲ: ನಾಲಿಗೆ ಮರಗಟ್ಟುವಷ್ಟು ಒಗರು.

ಬಗ್ಗಿಸುವಾಗ ಕೈ ತಗ್ಗಿಗೆ ಬರಬೇಕು. ಮೂರು ಬಟ್ಟಲನ್ನೂ ಒತ್ತಟ್ಟಿಗೆ ಇಟ್ಟು, ಮೇಲೆ ಸುತ್ತು ಹಾಕುತ್ತಾ ಎಲ್ಲಕ್ಕೂ ಸ್ವಲ್ಪ ಸ್ವಲ್ಪ ಸುರಿಯಬೇಕು; ಸೇನಾನಿ ಗುವಾನ್ ಯು ಕೋಟೆ ಸುತ್ತುತ್ತಿದ್ದಾನೆ ಅನ್ನುತ್ತಾರೆ. ಕೊನೆಯ ಹನಿಗಳನ್ನು ಒಂದೊಂದಕ್ಕೆ ಒಂದೊಂದು ಬೀಳಿಸುವುದಕ್ಕೆ ಇನ್ನೊಬ್ಬ ಸೇನಾನಿ ಹಾನ್ ಶಿನ್ ಸೈನಿಕರನ್ನು ಎಣಿಸುತ್ತಿದ್ದಾನೆ ಅಂತ ಹೆಸರು. ಮೊದಲು ಬೀಳುವುದು ತೆಳು, ಕಡೆಯದ್ದು ಗಟ್ಟಿ. ಹೀಗೆ ಸುತ್ತಿದರೆ ಮೂವರಿಗೂ ಒಂದೇ ಹದ. ಒಂದು ಹನಿಯೂ ಒಳಗೆ ನಿಲ್ಲಬಾರದು, ನಿಂತರೆ ಮುಂದಿನ ಸುತ್ತು ಕಹಿ. ಬಟ್ಟಲು ಮುಕ್ಕಾಲು ತುಂಬಿದರೆ ಸಾಕು, ತುಳುಕುವ ಚಹಾ ಕೊಟ್ಟರೆ ಅತಿಥಿಗೆ ಅವಮಾನ. ಇದೇ ಎಲೆ ಎಂಟು ಹತ್ತು ಸುತ್ತು ಬರುತ್ತದೆ. ಐದಾರರ ನಂತರ ಹೊತ್ತು ಹೆಚ್ಚಿಸುತ್ತಾ ಹೋಗಬೇಕು.

ಏಳು ಜನ ಕೂತಿದ್ದರೂ ಬಟ್ಟಲು ಮೂರೇ ಇರುತ್ತವೆ. ಈ ಒಂದು ನಿಯಮ ನನಗೆ ಬೇರೆಲ್ಲಕ್ಕಿಂತ ಇಷ್ಟವಾದದ್ದು. ಮೊದಲ ಸುತ್ತು ಹಿರಿಯರಿಗೆ, ದೂರದಿಂದ ಬಂದವರಿಗೆ. ಮಿಕ್ಕವರು ‘ನೀವು ತಗೊಳ್ಳಿ, ನೀವು ತಗೊಳ್ಳಿ’ ಅಂತ ಕೈ ತೋರಿಸುತ್ತಾರೆ. ಕುಡಿದಿಟ್ಟ ಬಟ್ಟಲಿಗೆ ಕುದಿನೀರಿನ ಸ್ನಾನ, ಮತ್ತೆ ಮೂವರಿಗೆ. ಮಾಡುವವನು ಕಡೆಗೆ ಕುಡಿಯುತ್ತಾನೆ. ಬಗ್ಗಿಸಿಕೊಟ್ಟಾಗ ಬೆರಳಿನಿಂದ ಮೇಜಿಗೆ ಎರಡು ಸಲ ತಟ್ಟಿದರೆ ಧನ್ಯವಾದ ಹೇಳಿದಂತೆ. ನಡುವೆ ಹೊಸಬರು ಬಂದರೆ ಹಳೇ ಎಲೆ ಎಸೆದು ಹೊಸದು ಹಾಕಬೇಕು. ಸಪ್ಪೆ ನೀರು ಮುಂದಿಟ್ಟರೆ ಬೇಡದ ನೆಂಟ ಅಂದ ಹಾಗೆ.

ಮನೆಯಲ್ಲಿ ಇದನ್ನು ಜಾರಿಗೆ ತರುವುದು ಸುಲಭವಿರಲಿಲ್ಲ. “ಏನಪ್ಪಾ ಇದು, ತೀರ್ಥ ಕೊಟ್ಟ ಹಾಗೆ ಕೊಡ್ತೀಯಲ್ಲ, ಲೋಟ ತಗೊಂಡು ಬಾ” ಅಂದರು ಮಾವ. ಈಗ ಅವರೇ ಮೊದಲ ಸುತ್ತಿನ ಹಕ್ಕುದಾರರು.

ಇಲ್ಲಿಗೆ ತಂದ ಮೇಲೆ ಬದಲಿಸಿಕೊಂಡದ್ದು ನೀರಿನ ವಿಷಯ. ಬೋರ್‌ವೆಲ್ ನೀರಿನಲ್ಲಿ ಪರಿಮಳ ಮೇಲೇಳುವುದೇ ಇಲ್ಲ. ಫಿಲ್ಟರ್ ಮಾಡಿದ ಕಾವೇರಿ ನೀರು ಪರವಾಗಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವುದರಿಂದ ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಅದಕ್ಕೇ ಸುತ್ತಿಗೆ ಎರಡು ಮೂರು ಸೆಕೆಂಡು ಹೆಚ್ಚು ಬಿಡುತ್ತೇನೆ. ಮಂಗಳೂರಿನವರಿಗೆ ಈ ತಾಪತ್ರಯವಿಲ್ಲ.

ಖಾಲಿ ಹೊಟ್ಟೆಯಲ್ಲಿ ಕುಡಿಯಬೇಡಿ, ತಲೆ ತಿರುಗುತ್ತದೆ, ಕೈ ನಡುಗುತ್ತದೆ. ಅಲ್ಲಿ ಜೊತೆಗೆ ಕಡಲೆಕಾಯಿ ಮಿಠಾಯಿ, ಒಣಗಿಸಿದ ಹಣ್ಣು, ಪದರ ಪದರವಾದ ಸಿಹಿ ಬಿಲ್ಲೆ ಇಡುತ್ತಾರೆ. ಸಸ್ಯಾಹಾರಿಗಳು ಆ ಬಿಲ್ಲೆ ತಿನ್ನುವ ಮುಂಚೆ ಕೇಳಿ. ಸಾಂಪ್ರದಾಯಿಕವಾಗಿ ಅದರ ಪದರಕ್ಕೆ ಬಳಸುವುದು ಹಂದಿಕೊಬ್ಬು. ನಾನು ನಮ್ಮ ಚಿಕ್ಕಿಯಲ್ಲೇ ಸುಧಾರಿಸುತ್ತೇನೆ.

ಕೊಳ್ಳುವಾಗ ‘ಫೆಂಗ್‌ಹುವಾಂಗ್ ಬೆಟ್ಟದ ವೂಡಾಂಗ್ ಶಿಖರದ ಹಳೇ ಮರದ್ದು’ ಎಂಬ ಮಾತಿಗೆ ದುಡ್ಡು ಕೊಡಬೇಡಿ. ಆ ಮರಗಳು ಕೊಡುವ ಎಲೆ ತೀರಾ ಕಡಿಮೆ, ಆ ಮಾತು ಮಾತ್ರ ಪ್ರತಿ ಅಂಗಡಿಯಲ್ಲೂ ಇರುತ್ತದೆ. ಎದುರೇ ಮಾಡಿಸಿ, ಐದನೇ ಸುತ್ತಿನವರೆಗೂ ಕುಡಿದು, ಪರಿಮಳ ಆಗಲೂ ಇದ್ದರೆ ತಗೊಳ್ಳಿ. ಗಾಳಿ ತೆಗೆದ ಸಣ್ಣ ಪೊಟ್ಟಣಗಳನ್ನೇ ಕೇಳಿ, ಒಂದು ಪೊಟ್ಟಣ ಒಂದು ಗೈವಾನ್‌ಗೆ ಸರಿಹೋಗುತ್ತದೆ.