ವಿದೇಶಿ ಭಾಗ ಹತ್ತಕ್ಕಿಂತ ಜಾಸ್ತಿ ಬೇಡ: ರೈಫಲ್ ಕಿಟ್ ಕೊಂಡವರು ಎಣಿಸುವುದು ಹೇಗೆ?

ಟೆಕ್ಸಾಸ್‌ನಲ್ಲಿರುವ ನನ್ನ ಗೆಳೆಯನೊಬ್ಬ ವಿರಾಜಪೇಟೆ ಕಡೆಯವನು. ಈಗ ಅಮೆರಿಕದ ಪ್ರಜೆ. ಒಂದು ಶನಿವಾರ ಫೋನ್ ಮಾಡಿ ಗ್ಯಾರೇಜಿಗೆ ಕರೆದ. ಮೇಜಿನ ಮೇಲೆ ಹಳೇ ಪೇಪರ್ ಹಾಸಿ, ರೊಮೇನಿಯಾದಿಂದ ಬಂದ ಎಕೆಎಂ ಮಾದರಿಯ (ಕಲಾಶ್ನಿಕೋವ್ ಬಗೆಯ) ರೈಫಲ್ ಕಿಟ್, ಅಂದರೆ ಬಿಚ್ಚಿದ ರೈಫಲ್‌ನ ಬಿಡಿಭಾಗಗಳನ್ನು ಹರಡಿಕೊಂಡು ಕೂತಿದ್ದ. ದಶಕಗಟ್ಟಲೆ ಗೋದಾಮಿನಲ್ಲಿದ್ದ ಮಾಲು. ಕಂದು ಬಣ್ಣದ ಗ್ರೀಸ್ ಮೆತ್ತಿಕೊಂಡು, ಮುಟ್ಟಿದರೆ ಕೈಯೆಲ್ಲ ಅಂಟು.

"ಕೈಲ್ ಪೊಳ್ದ್ ದಿನ ಪೂಜೆಗೆ ಇಡೋಕೆ ಮನೇಲಿ ಒಂದು ಕೋವಿ ಬೇಡ್ವಾ ಮಾರಾಯ?" ಅಂದ. ಕೊಡವರು ಆಯುಧ ಪೂಜೆ ಮಾಡುವ ಹಬ್ಬ ಅದು. "ಆರು ಅಮೆರಿಕನ್ ಪಾರ್ಟ್ ಇದ್ರೆ ಸಾಕಂತೆ. ಐದು ಇದೆ. ಇಲ್ಲಿಯೇ ತಯಾರಾದ ಸೈಟ್ ಒಂದು ತರಿಸಿದೀನಿ, ಅಲ್ಲಿಗೆ ಆರಾಯ್ತು."

ಆಗಿರಲಿಲ್ಲ. ಗುರಿ ನೋಡುವ ಸೈಟ್ ಈ ಲೆಕ್ಕಕ್ಕೇ ಬರುವುದಿಲ್ಲ. ಅವನ ತಪ್ಪು ತುಂಬಾ ಜನ ಮಾಡುವ ತಪ್ಪೇ. ಅಮೆರಿಕದ ಕಾನೂನು ಎಲ್ಲೂ "ಇಷ್ಟು ಅಮೆರಿಕನ್ ಭಾಗ ಹಾಕು" ಎಂದು ಹೇಳುವುದಿಲ್ಲ. "ಪಟ್ಟಿಯಲ್ಲಿರುವ 20 ಭಾಗಗಳ ಪೈಕಿ ವಿದೇಶಿ ಭಾಗ ಹತ್ತಕ್ಕಿಂತ ಜಾಸ್ತಿ ಇರಬಾರದು" ಎನ್ನುತ್ತದೆ. ಎಣಿಸಬೇಕಾದ್ದು ವಿದೇಶಿ ಭಾಗಗಳನ್ನು. ಆರು ಎನ್ನುವುದು ಒಂದು ಬಗೆಯ ರೈಫಲ್‌ಗೆ ಕಳೆದು ಬಂದ ಉತ್ತರ ಅಷ್ಟೆ.

ಈ ಹತ್ತರ ಲೆಕ್ಕ ಎಲ್ಲಿಂದ ಬಂತು?

ಅಮೆರಿಕದ 1968ರ ಗನ್ ಕಂಟ್ರೋಲ್ ಕಾಯ್ದೆ ಪ್ರಕಾರ, ಬೇಟೆ ಅಥವಾ ಗುರಿ ಸ್ಪರ್ಧೆಯಂಥ ಕ್ರೀಡಾ ಉದ್ದೇಶಕ್ಕೆ ಒಗ್ಗುವ ಬಂದೂಕನ್ನು ಮಾತ್ರ ಹೊರಗಿನಿಂದ ತರಿಸಬಹುದು. 1989ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್‌ನ ಶಾಲೆಯೊಂದರ ಅಂಗಳದಲ್ಲಿ ಎಕೆ ಮಾದರಿಯ ರೈಫಲ್‌ನಿಂದ ಗುಂಡು ಹಾರಿಸಿದವನು ಐದು ಮಕ್ಕಳನ್ನು ಕೊಂದ. ಅದೇ ವರ್ಷ ಜಾರ್ಜ್ ಬುಷ್ ಸರ್ಕಾರ 43 ಮಾದರಿಯ ರೈಫಲ್‌ಗಳ ಆಮದನ್ನು ನಿಲ್ಲಿಸಿತು. ಆದರೆ ಇಡೀ ರೈಫಲ್ ಬರಬಾರದು ಎಂದರೆ ಬಿಡಿಬಿಡಿಯಾಗಿ ತರಿಸಿ ಇಲ್ಲೇ ಜೋಡಿಸಬಹುದಲ್ವಾ? ಆ ಹಿತ್ತಿಲ ಬಾಗಿಲಿಗೆ ಹಾಕಿದ ಅಗುಳಿಯೇ 1990ರಲ್ಲಿ ಬಂದ 922(ಆರ್) ಎಂಬ ಉಪವಿಧಿ. ಆಮದಿಗೆ ನಿಷೇಧವಿರುವಂಥ ಸೆಮಿ ಆಟೊಮ್ಯಾಟಿಕ್ (ಟ್ರಿಗರ್ ಎಳೆದಾಗಲೆಲ್ಲ ಒಂದು ಗುಂಡು ಹಾರಿ, ಮುಂದಿನದು ತಾನೇ ಸಿದ್ಧವಾಗುವ) ರೈಫಲ್ ಅಥವಾ ಶಾಟ್‌ಗನ್ನನ್ನು ಆಮದು ಭಾಗಗಳಿಂದ ಜೋಡಿಸುವುದು ಅಪರಾಧ ಎಂದು ಅದು ಹೇಳಿತು. ಎಷ್ಟು ಭಾಗ ಇದ್ದರೆ 'ಆಮದು ಭಾಗಗಳಿಂದ ಜೋಡಿಸಿದ್ದು' ಎನ್ನಬೇಕು? ಅದಕ್ಕೆ ಉತ್ತರವಾಗಿ 1993ರಲ್ಲಿ 20 ಭಾಗಗಳ ಪಟ್ಟಿಯೂ ಹತ್ತರ ಮಿತಿಯೂ ಬಂದವು. ಈಗ ಆ ನಿಯಮದ ಸಂಖ್ಯೆ 27 ಸಿಎಫ್‌ಆರ್ 478.39 (ಸಿಎಫ್‌ಆರ್ ಅಂದರೆ ಅಮೆರಿಕದ ಕೇಂದ್ರ ಸರ್ಕಾರದ ನಿಯಮಗಳ ಸಂಗ್ರಹ).

ಬೋಲ್ಟ್ ಎಳೆದು ಒಂದೊಂದೇ ಗುಂಡು ಹಾರಿಸುವ ರೈಫಲ್‌ಗೂ ಪಿಸ್ತೂಲಿಗೂ ಈ ಲೆಕ್ಕ ಬೇಡ.

ಮೊದಲ ಹೆಜ್ಜೆ: ನಿಮ್ಮ ವೀಸಾ ನೋಡಿಕೊಳ್ಳಿ

ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದು ಎಲ್ಲಕ್ಕಿಂತ ಮುಖ್ಯ. ಎಚ್-1ಬಿ, ಎಲ್-1, ಎಫ್-1ರಂಥ ವೀಸಾದಲ್ಲಿರುವವರು ಸಾಮಾನ್ಯವಾಗಿ ಬಂದೂಕಾಗಲಿ ತೋಟಾ ಆಗಲಿ ಇಟ್ಟುಕೊಳ್ಳುವಂತಿಲ್ಲ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ಇರುವಂಥ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. "ಸ್ನೇಹಿತರ ಜೊತೆ ಸೇರಿ ಒಂದು ಕಿಟ್ ತಗೊಂಡ್ವಿ" ಎಂದು ಹೇಳುವ ಎಚ್-1ಬಿ ಹುಡುಗರು ಭಾಗ ಎಣಿಸುವ ಮೊದಲು ವಕೀಲರನ್ನು ನೋಡುವುದು ಒಳ್ಳೇದು. ಇಲ್ಲಿ ಎಡವಿದರೆ ವೀಸಾಕ್ಕೇ ಸಂಚಕಾರ.

ಎರಡನೆಯದು: ರಿಸೀವರ್ ಯಾವುದು?

ಬಂದೂಕಿನ ಮೈ ಅಂದರೆ ರಿಸೀವರ್. ಅಮೆರಿಕದ ಕಾನೂನಿನ ಕಣ್ಣಿಗೆ ಅದೊಂದೇ 'ಬಂದೂಕು'. ಮಿಲಿಟರಿ ರೈಫಲ್‌ನ ಮೂಲ ರಿಸೀವರನ್ನು ಟಾರ್ಚ್‌ನಿಂದ ಸುಟ್ಟು ತುಂಡು ಮಾಡಿದ ಮೇಲೆಯೇ ಕಿಟ್ ಮಾರುಕಟ್ಟೆಗೆ ಬರುತ್ತದೆ. ಗೆಳೆಯನ ಕಿಟ್‌ನಲ್ಲೂ ಅಂಚು ಕರಗಿ ಸೊಟ್ಟಗಾದ ಎರಡು ತುಂಡು ಇದ್ದವು. ಅವು ಗುಜರಿ. ಮತ್ತೆ ಜೋಡಿಸುವ ಯೋಚನೆಯನ್ನೂ ಮಾಡಬೇಡಿ, ಅದು ಮೆಷಿನ್ ಗನ್ ಕಾನೂನಿನಡಿ ಬರುತ್ತದೆ. ಹತ್ತು ವರ್ಷದವರೆಗೆ ಜೈಲು. ಕಿಟ್‌ನಲ್ಲಿ ಬರುವ ಹಳೇ ಆಟೊಮ್ಯಾಟಿಕ್ ಭಾಗಗಳ ಕಥೆಯೂ ಇದೇ.

ಅಮೆರಿಕದಲ್ಲೇ ತಯಾರಾದ, ಸೀರಿಯಲ್ ನಂಬರ್ ಇರುವ, ಪೂರ್ತಿ ಮುಗಿದ ರಿಸೀವರನ್ನು ಲೈಸೆನ್ಸ್ ಇರುವ ಅಂಗಡಿಯಲ್ಲಿ ಕೊಳ್ಳುವುದು ತಲೆನೋವಿಲ್ಲದ ದಾರಿ. 4473 ಫಾರ್ಮ್ ತುಂಬಬೇಕು, ಹಿನ್ನೆಲೆ ತಪಾಸಣೆ ಆಗುತ್ತದೆ. ಅರ್ಧಂಬರ್ಧ ತಯಾರಾದ ಕೆಲವು ರಿಸೀವರ್‌ಗಳನ್ನೂ ಬಂದೂಕೆಂದೇ ಎಣಿಸುವ ಹೊಸ ನಿಯಮ 2022ರ ಆಗಸ್ಟ್‌ನಲ್ಲಿ ಜಾರಿಯಾಯಿತು. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ 7–2ರ ಬಹುಮತದಲ್ಲಿ ಅದನ್ನು ಎತ್ತಿಹಿಡಿಯಿತು. ಹಳೇ ವಿಡಿಯೊ ನೋಡಿ ಕೆಲಸಕ್ಕೆ ಇಳಿಯುವವರು ಇದನ್ನು ಗಮನಿಸಿ.

ಮೂರನೆಯದು: ಪೇಪರ್, ಪೆನ್ನು, ಪಟ್ಟಿ

ಪಟ್ಟಿಯಲ್ಲಿ ಇರುವುದು ಇವು: ರಿಸೀವರ್, ಬ್ಯಾರೆಲ್, ಬ್ಯಾರೆಲ್ ಎಕ್ಸ್‌ಟೆನ್ಷನ್, ಟ್ರನಿಯನ್ ಎನ್ನುವ ಮೌಂಟಿಂಗ್ ಬ್ಲಾಕ್, ನಳಿಗೆ ತುದಿಗೆ ಹಾಕುವ ಮೂತಿ, ಬೋಲ್ಟ್, ಬೋಲ್ಟ್ ಕ್ಯಾರಿಯರ್, ಆಪರೇಟಿಂಗ್ ರಾಡ್, ಗ್ಯಾಸ್ ಪಿಸ್ಟನ್, ಟ್ರಿಗರ್ ಹೌಸಿಂಗ್, ಟ್ರಿಗರ್, ಹ್ಯಾಮರ್, ಸಿಯರ್, ಡಿಸ್ಕನೆಕ್ಟರ್, ಹೆಗಲಿಗೆ ಒತ್ತುವ ಸ್ಟಾಕ್, ಪಿಸ್ತೂಲ್ ಹಿಡಿ, ಮುಂದಿನ ಹ್ಯಾಂಡ್‌ಗಾರ್ಡ್, ಆಮೇಲೆ ಗುಂಡು ತುಂಬಿ ರೈಫಲ್‌ಗೆ ಸಿಕ್ಕಿಸುವ ಮ್ಯಾಗಜೀನಿನ ಮೂರು: ಡಬ್ಬ, ಫಾಲೋವರ್, ತಳದ ತಟ್ಟೆ.

ಸ್ಪ್ರಿಂಗ್, ಪಿನ್ನು, ಸ್ಕ್ರೂ, ಮೇಲಿನ ಮುಚ್ಚಳ, ಹೆಗಲ ಪಟ್ಟಿ, ಸೈಟ್ ಯಾವುದೂ ಇಲ್ಲಿಲ್ಲ. ಅವು ಎಲ್ಲಿಂದ ಬಂದಿದ್ದರೂ ಲೆಕ್ಕಕ್ಕೆ ಸೊನ್ನೆ. ಗೆಳೆಯ ಸೈಟಿಗೆ ಕೊಟ್ಟ ದುಡ್ಡು ದಂಡ.

ಪಟ್ಟಿಯ 20ರಲ್ಲಿ ನಿಮ್ಮ ರೈಫಲ್‌ಗೆ ಯಾವುದಿಲ್ಲವೋ ಅದಕ್ಕೆ ಗೀಟು ಎಳೆಯಿರಿ. ನಾವು ಎಣಿಸುತ್ತಿದ್ದ ಎಕೆಎಂನಲ್ಲಿ ಬ್ಯಾರೆಲ್ ಎಕ್ಸ್‌ಟೆನ್ಷನ್, ಆಪರೇಟಿಂಗ್ ರಾಡ್, ಟ್ರಿಗರ್ ಹೌಸಿಂಗ್, ಸಿಯರ್ ಇಲ್ಲ. ಉಳಿದದ್ದು 16. ಅದರಲ್ಲಿ ಹತ್ತು ಕಳೆದರೆ ಆರು; ಗೆಳೆಯ ಹೇಳಿದ ಆರು ಇದೇ.

ನಾಲ್ಕನೆಯದು: ಎಣಿಸುವಾಗ ಮ್ಯಾಗಜೀನ್ ಸಿಕ್ಕಿಸಿಯೇ ಎಣಿಸಿ

ನಾವು ಎಡವಿದ್ದು ಇಲ್ಲಿ. ಗೆಳೆಯ ಮ್ಯಾಗಜೀನುಗಳನ್ನು ಒರೆಸಿ ಕಪಾಟಿನ ಮೇಲೆ ಎತ್ತಿಟ್ಟಿದ್ದ. ಮೇಜಿನ ಮೇಲಿದ್ದದ್ದನ್ನಷ್ಟೇ ಎಣಿಸಿದೆವು. ಅಮೆರಿಕದಲ್ಲಿ ಮಾಡಿದ್ದು ರಿಸೀವರ್, ಬ್ಯಾರೆಲ್, ಟ್ರಿಗರ್, ಹ್ಯಾಮರ್, ಡಿಸ್ಕನೆಕ್ಟರ್, ಒಟ್ಟು ಐದು. ವಿದೇಶಿ ಭಾಗ ಎಂಟೇ ಎಂಟು. "ಎರಡು ಮಿಕ್ಕಿತು ನೋಡು!" ಎಂದು ಕಾಫಿಗೆ ಎದ್ದೆವು. ಲೋಟ ಹಿಡಿದುಕೊಂಡು ವಾಪಸ್ ಬರುವಾಗ ಕಣ್ಣು ಕಪಾಟಿನ ಮೇಲೆ ಬಿತ್ತು. ರೊಮೇನಿಯಾದ ಸ್ಟೀಲ್ ಮ್ಯಾಗಜೀನ್ ಒಂದನ್ನು ಸಿಕ್ಕಿಸಿದರೆ ಮೂರು ವಿದೇಶಿ ಭಾಗ ಸೇರುತ್ತವೆ. ಎಂಟು ಹನ್ನೊಂದಾಯಿತು. ಒಂದು ಜಾಸ್ತಿ.

ಹಾಗಾದರೆ ಅಮೆರಿಕದ ಮ್ಯಾಗಜೀನ್ ಹಾಕಿದರಾಯಿತು ಎನ್ನಬಹುದು. ಆಗ ಲೆಕ್ಕ ಮತ್ತೆ ಎಂಟಕ್ಕೆ ಇಳಿಯುವುದು ನಿಜ. ಆದರೆ ಶೂಟಿಂಗ್ ರೇಂಜಿನಲ್ಲಿ ಪಕ್ಕದವನು ಕೊಟ್ಟ ಬಲ್ಗೇರಿಯಾದ ಮ್ಯಾಗಜೀನ್ ಸಿಕ್ಕಿಸಿದ ಕ್ಷಣ ಅದೇ ಹನ್ನೊಂದು. ಕಳಚಿ ಹಾಕುವ ವಸ್ತುವಿನ ಮೇಲೆ ಲೆಕ್ಕ ನಿಲ್ಲಿಸುವುದು ನನಗಂತೂ ಸರಿ ಕಾಣಲಿಲ್ಲ. ರೈಫಲ್‌ಗೆ ಕಾಯಂ ಕೂರುವ ಭಾಗವನ್ನೇ ಬದಲಿಸುವುದು ವಾಸಿ. ಪಿಸ್ತೂಲ್ ಹಿಡಿಯನ್ನೋ ಗ್ಯಾಸ್ ಪಿಸ್ಟನ್ನನ್ನೋ ಅಮೆರಿಕದ್ದು ಹಾಕಿದರೆ ಹನ್ನೊಂದು ಹತ್ತಾಗುತ್ತದೆ. ಯಾವ ಮ್ಯಾಗಜೀನ್ ಹಾಕಿದರೂ ಲೆಕ್ಕ ಮೀರುವುದಿಲ್ಲ. ಗೆಳೆಯ ಹಿಡಿ ಬದಲಿಸಿದ. ಒಂದೇ ಸ್ಕ್ರೂ, ಕಡಿಮೆ ಖರ್ಚು.

ಬ್ಯಾರೆಲ್ ಬಗ್ಗೆ ಒಂದು ಮಾತು. 2005ರವರೆಗೆ ಕಿಟ್ ಜೊತೆ ಮೂಲ ಬ್ಯಾರೆಲ್ಲೂ ಬರುತ್ತಿತ್ತು. ಆ ವರ್ಷ ಅದರ ಆಮದು ನಿಂತಿತು. ಹಾಗಾಗಿ ಹಳೇ ಕಿಟ್ ಕೈಗೆ ಸಿಕ್ಕರೆ ವಿದೇಶಿ ಭಾಗ ಇನ್ನೊಂದು ಹೆಚ್ಚಿರುತ್ತದೆ, ಅದಕ್ಕೆ ತಕ್ಕಂತೆ ಮತ್ತೊಂದನ್ನು ಬದಲಿಸಬೇಕು. ಬ್ಯಾರೆಲ್ ಯಾವುದೇ ಆಗಲಿ, ಉದ್ದ 16 ಇಂಚಿಗೆ ಕಡಿಮೆ ಇರಬಾರದು. ಇಡೀ ರೈಫಲ್ 26 ಇಂಚು ಇರಲೇಬೇಕು. ಕಡಿಮೆಯಾದರೆ ಬೇರೆ ಕಾನೂನು, ಮೊದಲೇ ನೋಂದಣಿ.

ಐದನೆಯದು: ಗುರುತು ನೋಡಿ, ಬಿಲ್ ಇಡಿ

ಟೆಕ್ಸಾಸ್‌ನ ಅಂಗಡಿಯಲ್ಲಿ ಕೊಂಡ ಮಾತ್ರಕ್ಕೆ ಅದು ಅಮೆರಿಕದ ಭಾಗ ಆಗುವುದಿಲ್ಲ. ಎಲ್ಲಿ ತಯಾರಾಯಿತು ಎನ್ನುವುದಷ್ಟೇ ಲೆಕ್ಕ. ಗ್ರೀಸ್ ಒರೆಸಿದರೆ ಕಾರ್ಖಾನೆಯ ಮುದ್ರೆ ಕಾಣುತ್ತದೆ. ರೊಮೇನಿಯಾದ ಕುಗಿರ್ ಕಾರ್ಖಾನೆಯದು ತ್ರಿಕೋನದೊಳಗೆ ಬಾಣ. ಪೋಲೆಂಡಿನ ರಾಡೊಮ್‌ನದು ಅಂಡಾಕಾರದೊಳಗೆ 11. ಬಲ್ಗೇರಿಯಾದ್ದು ವೃತ್ತದೊಳಗೆ 10. ಅಮೆರಿಕದ ತಯಾರಕರು ಸಾಮಾನ್ಯವಾಗಿ ದೇಶದ ಹೆಸರನ್ನೋ ತಮ್ಮ ಅಕ್ಷರಗಳನ್ನೋ ಒತ್ತಿರುತ್ತಾರೆ. ಆದರೆ ಈ ಸಣ್ಣ ಭಾಗಗಳ ಮೇಲೆ ಗುರುತು ಇರಲೇಬೇಕು ಎಂಬ ಕಡ್ಡಾಯವಿಲ್ಲ. ಅದಕ್ಕೇ ಬಿಲ್ ಮುಖ್ಯ. ನಾವು ಮಾಡಿದ್ದು ಇಷ್ಟೆ: ಒಂದು ಹಾಳೆಯಲ್ಲಿ 16 ಸಾಲು. ಪ್ರತಿ ಸಾಲಿಗೆ ಭಾಗದ ಹೆಸರು, ಎಲ್ಲಿಯದು, ಬಿಲ್ ನಂಬರು. ಕೆಳಗೆ ತಾರೀಖು. ಜೋಡಿಸುವ ಕೆಲಸ ಲೈಸೆನ್ಸ್ ಇರುವ ಗನ್‌ಸ್ಮಿತ್‌ಗೆ ಹೋಯಿತು. ಅವರಿಗೂ ಇದೇ ಮಿತಿ. ಅವರು ಮೊದಲು ಕೇಳಿದ್ದೂ ಆ ಹಾಳೆಯನ್ನೇ.

ಬೇಕೆಂದೇ ಈ ನಿಯಮ ಮುರಿದರೆ ಐದು ವರ್ಷದವರೆಗೆ ಜೈಲು, ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ.

ರಾಜ್ಯದ ಕಾನೂನು

ಮೇಲೆ ಹೇಳಿದ್ದೆಲ್ಲ ಕೇಂದ್ರದ ಕಾನೂನು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿಯಲ್ಲಿ ಹತ್ತರ ಲೆಕ್ಕ ಸರಿಯಿದ್ದರೂ ಇಂಥ ರೈಫಲ್ಲೇ ನಿಷೇಧದ ಪಟ್ಟಿಗೆ ಬೀಳಬಹುದು. ಕ್ಯಾಲಿಫೋರ್ನಿಯಾದಲ್ಲಿ ಮನೆಯಲ್ಲಿ ಜೋಡಿಸುವವರು ಮೊದಲೇ ರಾಜ್ಯದಿಂದ ಸೀರಿಯಲ್ ನಂಬರ್ ಪಡೆಯಬೇಕಾಗಬಹುದು. ಮನೆ ಬದಲಿಸಿ ಬೇರೆ ರಾಜ್ಯಕ್ಕೆ ಹೋಗುವಾಗಲೂ ಮೊದಲು ಇದನ್ನು ವಿಚಾರಿಸಿ.

ಮಿಕ್ಕ ಭಾಗ ಏನು ಮಾಡುವುದು?

ತೆಗೆದ ರೊಮೇನಿಯಾದ ಹಿಡಿಯನ್ನು ಗೆಳೆಯ ಕೈಯಲ್ಲಿ ತಿರುಗಿಸುತ್ತಾ, "ಊರಿಗೆ ಹೋಗುವಾಗ ತಮ್ಮನಿಗೆ ಕೊಡಲಾ? ನಮಗೆ ಕೊಡವರಿಗೆ ಲೈಸೆನ್ಸ್ ವಿನಾಯಿತಿ ಇದೆಯಲ್ವಾ?" ಅಂದ. ಬೇಡವೇ ಬೇಡ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಜಮ್ಮಾ ಭೂಮಿ ಹೊಂದಿದವರಿಗೂ) 2029ರವರೆಗೆ ವಿಸ್ತರಿಸಿರುವ ವಿನಾಯಿತಿ ಕೆಲವು ಬಗೆಯ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ ಮಾತ್ರ. ತಯಾರಿಸುವುದಕ್ಕೂ ಅಲ್ಲ, ತರಿಸಿಕೊಳ್ಳುವುದಕ್ಕೂ ಅಲ್ಲ. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ 'ಶಸ್ತ್ರ' ಎಂದರೆ ಅದರ ಬಿಡಿಭಾಗವೂ ಸೇರುತ್ತದೆ. ಲೈಸೆನ್ಸ್ ಇಲ್ಲದೆ ತಯಾರಿಸಿದರೆ, 2019ರ ತಿದ್ದುಪಡಿಯ ನಂತರ, ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ.

ಆ ಹಿಡಿ ಗ್ಯಾರೇಜಿನ ಬಿಸ್ಕತ್ ಡಬ್ಬಕ್ಕೆ ಸೇರಿತು, ಗ್ರೀಸ್ ಸಮೇತ. ಪಕ್ಕದಲ್ಲೇ ಲೆಕ್ಕಕ್ಕೆ ಬಾರದ ಆ ಹೊಸ ಸೈಟೂ ಇದೆ.