ಸಿಪ್ಪೆಯಿಂದ ಡೀಸೆಲ್ ತೆಗೆಯಲು ಹೋಗಿ ಇದ್ದಿಲಲ್ಲಿ ಜೀಪು ಓಡಿಸಿದೆ

ಶಿರಸಿಯಿಂದ ಸ್ವಲ್ಪ ಒಳಗೆ ನಮ್ಮದೊಂದು ಸಣ್ಣ ಅಡಿಕೆ ತೋಟ. ಚಾಲಿ, ಅಂದ್ರೆ ಬಿಸಿಲಿಗೆ ಒಣಗಿಸಿದ ಅಡಿಕೆ, ಸುಲಿದು ಮುಗಿಯುವಷ್ಟರಲ್ಲಿ ಅಂಗಳದ ಮೂಲೆಯಲ್ಲಿ ಸಿಪ್ಪೆಯ ಗುಡ್ಡವೇ ಬಿದ್ದಿರುತ್ತದೆ. ಬಚ್ಚಲ ಒಲೆಗೆ ಎಷ್ಟು ಅಂತ ತುರುಕೋದು? ತೋಟಕ್ಕೆ ಹಾಕಿದರೆ ಅದು ಬೇಗ ಕೊಳೆಯುವ ಜಾತಿಯೇ ಅಲ್ಲ. ಹೀಗಿರುವಾಗ ಒಂದು ವಿಡಿಯೋ ನೋಡಿದೆ. ಒಬ್ಬ ಡ್ರಮ್ಮಿಗೆ ಏನೋ ಕಸ ತುಂಬಿ, ಕೆಳಗೆ ಬೆಂಕಿ ಹಾಕಿ, ಪೈಪಿನ ತುದಿಯಲ್ಲಿ ಎಣ್ಣೆ ಹಿಡಿದು ಬೈಕು ಓಡಿಸುತ್ತಿದ್ದ. ಅವನು ತುಂಬಿದ್ದು ಪ್ಲಾಸ್ಟಿಕ್ ಅಂತ ನನಗೆ ಹೊಳೆದಿದ್ದು ಎರಡು ತಿಂಗಳು ಹೊಗೆ ಕುಡಿದ ಮೇಲೆ.

200 ಲೀಟರಿನ ಹಳೆ ಡ್ರಮ್ಮು ತಂದೆ. ಮುಚ್ಚಳದ ಸಂದಿಗೆ ಕೆಮ್ಮಣ್ಣು ಮೆತ್ತಿದೆ. ಒಂದು ಪೈಪನ್ನು ನೀರಿನ ತೊಟ್ಟಿಯೊಳಗಿಂದ ಹಾಯಿಸಿ ಕ್ಯಾನಿಗೆ ಬಿಟ್ಟೆ. ಹನ್ನೆರಡು ಕೆಜಿ ಸಿಪ್ಪೆಯನ್ನು ಕಾಲಲ್ಲಿ ತುಳಿದು ತುಂಬಿದೆ. ಮೊದಲು ಬಂದಿದ್ದು ಬಿಳಿ ಹೊಗೆ, ಅಂದ್ರೆ ಬರೀ ನೀರಾವಿ. ಆಮೇಲೆ ಹಳದಿ ಹೊಗೆ, ಅದರ ಹಿಂದೆ ಟಪ್ ಟಪ್ ಅಂತ ಕಂದು ಹನಿ. ಸಂಜೆಗೆ ನಾಲ್ಕು ಲೀಟರ್ ಹತ್ತಿರ ಬಂತು. ‘ಇದೆಂತ ಮಾಡ್ತಾ ಇದ್ದೆ ಮಾರಾಯ, ಮನೆಯೆಲ್ಲ ಹೊಗೆ’ ಅಂತ ಅಮ್ಮ ಬಯ್ದರೂ ನಾನು ಮನಸ್ಸಿನಲ್ಲೇ ಬಂಕ್ ಇಟ್ಟುಬಿಟ್ಟಿದ್ದೆ.

ಬೆಳಿಗ್ಗೆ ನೋಡಿದರೆ ಕ್ಯಾನಿನಲ್ಲಿ ಎರಡು ಪದರ. ಮೇಲೆ ಹಾಲಿಲ್ಲದ ಕಣ್ಣ ಚಹಾದ ಬಣ್ಣದ ನೀರು, ತಳದಲ್ಲಿ ಒಂದು ಲೋಟದಷ್ಟು ಕಪ್ಪು ಡಾಂಬರು. ಬಟ್ಟೆ ಅದ್ದಿ ಕಡ್ಡಿ ಗೀರಿದರೆ ಚುಯ್ ಅಂತು, ಹೊತ್ತಲಿಲ್ಲ. ಬಾಟಲಿಯಲ್ಲಿ ಡೀಸೆಲ್ ಜೊತೆ ಹಾಕಿ ಕುಲುಕಿದೆ. ಐದೇ ನಿಮಿಷಕ್ಕೆ ಅದು ಬೇರೆ, ಇದು ಬೇರೆ. ಹುಳಿ ಅಳೆಯುವ ಪಿಎಚ್ ಕಾಗದ ಅದ್ದಿದರೆ 3 ತೋರಿಸಿತು, ಹೆಚ್ಚುಕಡಿಮೆ ವಿನೆಗರ್. ಪೈಪಿನ ತುದಿಗೆ ಹಾಕಿದ್ದ ಹಿತ್ತಾಳೆ ನಲ್ಲಿ ವಾರದೊಳಗೆ ಹಸಿರುಗಟ್ಟಿತು. ಇದನ್ನು ಎಂಜಿನ್ನಿಗೆ ಹಾಕಿದ್ದರೆ ಪಂಪು, ನಾಝಲ್ ಎಲ್ಲ ಗೋವಿಂದ.

ಆಮೇಲೆ ಕೂತು ಓದಿದೆ. ಪ್ಲಾಸ್ಟಿಕ್ ಹುಟ್ಟಿದ್ದೇ ಪೆಟ್ರೋಲಿಯಮ್ಮಿನಿಂದ. ಪಾಲಿಥಿನ್‌ನಲ್ಲಿ ಇರೋದು ಕಾರ್ಬನ್ ಮತ್ತು ಹೈಡ್ರೋಜನ್ ಮಾತ್ರ. ಗಿಡದ ಕಥೆ ಹಾಗಲ್ಲ. ಒಣಗಿದ ಕಟ್ಟಿಗೆಯ ತೂಕದಲ್ಲಿ ನೂರಕ್ಕೆ ನಲವತ್ತರ ಮೇಲೆ ಆಕ್ಸಿಜನ್ನೇ ಇರುತ್ತದೆ, ಬಿಸಿ ಮಾಡಿದರೆ ಅದು ನೀರು, ಹುಳಿ, ಡಾಂಬರು ಅಂತ ಹೊರಗೆ ಬರುತ್ತದೆ. ಕಾರ್ಖಾನೆಯವರು ಪುಡಿ ಮಾಡಿದ ಕಟ್ಟಿಗೆಯನ್ನು ಸುಮಾರು 500 ಡಿಗ್ರಿಗೆ ಒಮ್ಮೆಲೇ ಕಾಯಿಸಿ, ಒಂದೆರಡು ಸೆಕೆಂಡಿನಲ್ಲಿ ಆ ಆವಿಯನ್ನು ತಣಿಸಿ, ತೂಕದ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಎಣ್ಣೆ ಪಡೆಯುತ್ತಾರೆ. ಅದರಲ್ಲೂ ತೂಕಕ್ಕೆ ತೂಕ ಹಿಡಿದರೆ ಡೀಸೆಲ್‌ನ ಅರ್ಧಕ್ಕಿಂತ ಕಡಿಮೆ ಶಕ್ತಿ. ಅದು ವಾಹನಕ್ಕೆ ಆಗಬೇಕಾದರೆ ಭಾರಿ ಒತ್ತಡದಲ್ಲಿ ಹೈಡ್ರೋಜನ್ ಕೊಟ್ಟು ಆಕ್ಸಿಜನ್ ಕೀಳಬೇಕು. ನಮ್ಮ ಅಂಗಳದಲ್ಲಿ ಆಗೋ ಕೆಲಸವಾ?

ಡ್ರಮ್ಮಿನಲ್ಲಿ ಉಳಿದ ಇದ್ದಿಲನ್ನು ಚೆಲ್ಲಲು ಹೋದಾಗ ಅಜ್ಜ ನೆನಪಾದ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಬರ ಬಂದಾಗ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು, ಹಿಂದೆ ಒಂದು ಕಬ್ಬಿಣದ ಒಲೆ. ದೇವಿಮನೆ ಘಾಟಿ ಬಂದರೆ ಗಂಡಸರೆಲ್ಲ ಇಳಿದು ನಡೆಯಬೇಕಿತ್ತು ಅಂತ ಅಜ್ಜ ಹೇಳುತ್ತಿದ್ದ. ಎಣ್ಣೆ ಬಿಟ್ಟು ಇದ್ದಿಲಿನ ಹಿಂದೆ ಬಿದ್ದೆ.

ಸಿಪ್ಪೆಯ ಇದ್ದಿಲು ಮುಟ್ಟಿದರೆ ಪುಡಿ. ಒಲೆಯೊಳಗೆ ಗಾಳಿ ಆಡಲು ಬಿಡುವುದಿಲ್ಲ. ಕುಮಟಾದ ನೆಂಟರ ಮನೆಯಿಂದ ತೆಂಗಿನ ಗರಟೆ ತಂದು ಸುಟ್ಟೆ, ಅದರ ಇದ್ದಿಲು ಕಲ್ಲಿನ ಹಾಗೆ ಗಟ್ಟಿ. ಸುಲಿದ ಅಡಿಕೆಯ ಗಾತ್ರಕ್ಕೆ ಕುಟ್ಟಿ, ಪುಡಿಯನ್ನು ಜರಡಿ ಹಿಡಿದು ತೆಗೆದೆ. ಗ್ಯಾಸಿನ ಒಲೆ ಅಂದ್ರೆ ಸಂದಿಯಿಂದ ಗಾಳಿ ನುಗ್ಗದ ಸಣ್ಣ ಡ್ರಮ್ಮು, ಪಕ್ಕದಿಂದ ಒಂದು ಗಾಳಿ ಕೊಳವೆ, ಎದುರು ಬದಿಯಿಂದ ಗ್ಯಾಸಿಗೆ ದಾರಿ. ಕೊಳವೆಯ ಬಾಯಲ್ಲಿ ಇದ್ದಿಲು ಉರಿದು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ಅದು ಸುತ್ತಲಿನ ಕೆಂಡದಲ್ಲಿ ಹಾಯುವಾಗ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ, ಉರಿಯೋದು ಅದೇ. ಉಳಿದಿದ್ದರಲ್ಲಿ ಬಹುಪಾಲು ಗಾಳಿಯಲ್ಲಿದ್ದ ನೈಟ್ರೋಜನ್, ಸುಮ್ನೆ ಜೊತೆಗೆ ಬರುವ ನೆಂಟ. ಇದ್ದಿಲಾದ್ದರಿಂದ ಡಾಂಬರಿನ ಕಾಟ ಇಲ್ಲ.

ಮೊದಲ ದಿನ ಅರ್ಧ ಗಂಟೆಗೆ ಗ್ಯಾಸು ನಿಂತಿತು. ತಣ್ಣಗಾದ ಮೇಲೆ ಬಿಚ್ಚಿದರೆ ಕಬ್ಬಿಣದ ಕೊಳವೆಯ ತುದಿ ಮೇಣದ ಬತ್ತಿಯ ಹಾಗೆ ಕರಗಿ ಬಗ್ಗಿತ್ತು! ಈಗ ದಪ್ಪ ಪೈಪು ಹಾಕಿ, ಗಾಳಿಯ ಜೊತೆ ಹನಿ ಹನಿ ನೀರು ಬಿಡುತ್ತೇನೆ. ಕೊಳವೆಗೂ ತಂಪು, ನೀರು ಕೆಂಡಕ್ಕೆ ತಾಗಿ ಸ್ವಲ್ಪ ಹೈಡ್ರೋಜನ್ನೂ ಸಿಗುತ್ತದೆ. ನೀರು ಜಾಸ್ತಿಯಾದರೆ ಕೆಂಡವೇ ಸಾಯುತ್ತದೆ.

ಒಂದು ಮಾತು ಜೋರಾಗಿ ಹೇಳಬೇಕು. ಈ ಗ್ಯಾಸಿನಲ್ಲಿರುವ ಕಾರ್ಬನ್ ಮೊನಾಕ್ಸೈಡ್ ವಿಷ, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಜೂನ್ ಮಳೆ ಹೊಡೆಯುತ್ತಿದ್ದ ಒಂದು ದಿನ ಕೊಟ್ಟಿಗೆಯ ಬಾಗಿಲು ಅಡ್ಡ ಮಾಡಿಕೊಂಡು ಬ್ಲೋವರ್ ತಿರುಗಿಸುತ್ತಿದ್ದೆ. ತಲೆ ಸಿಡಿಯಲು ಶುರುವಾಯಿತು. ಮಧ್ಯಾಹ್ನ ಊಟ ಮಾಡದ್ದಕ್ಕೆ ಇರಬೇಕು ಅಂದುಕೊಂಡೆ. ಏಳಲು ಹೋದರೆ ಕಾಲು ನನ್ನದಲ್ಲ. ತೆವಳಿಕೊಂಡು ಅಂಗಳಕ್ಕೆ ಬಂದು ಮಳೆಯಲ್ಲೇ ಮಲಗಿದೆ. ಈಗ ಬಯಲಲ್ಲಿ ಮಾತ್ರ ಹೊತ್ತಿಸೋದು, ಒಬ್ಬನೇ ಇದ್ದಾಗ ಇಲ್ಲ.

ಜೀಪು ಹಳೆ ಪೆಟ್ರೋಲ್ ಗಾಡಿ, ತೋಟದ ದಾರಿ ಬಿಟ್ಟು ರಸ್ತೆಗೆ ಇಳಿಯುವುದಿಲ್ಲ. ಪೆಟ್ರೋಲಿನಲ್ಲಿ ಚಾಲೂ ಮಾಡಿ ಗ್ಯಾಸಿಗೆ ಬದಲಿಸುತ್ತೇನೆ. ಇದು ನಿಧಾನ ಉರಿಯುವುದರಿಂದ ಕಿಡಿ ಸ್ವಲ್ಪ ಮುಂಚೆ ಹಾರುವಂತೆ ಟೈಮಿಂಗ್ ಇಟ್ಟಿದ್ದೇನೆ. ದಮ್ಮು ಅರ್ಧ ಹೋಯಿತು ಅಂತಲೇ ಇಟ್ಟುಕೊಳ್ಳಿ. ನಾಲ್ಕು ಮೂಟೆ ಹೇರಿ ತೋಟದ ಏರು ಹತ್ತುವಾಗ ಒಂದನೇ ಗೇರು, ಅಜ್ಜನ ಬಸ್ಸಿನದ್ದೇ ಏದುಸಿರು.

ಲಾಭವಾ ಅಂತ ಎಲ್ಲರೂ ಕೇಳುತ್ತಾರೆ. ನನ್ನ ಲೆಕ್ಕದಲ್ಲಿ ಒಂದು ಲೀಟರ್ ಪೆಟ್ರೋಲಿನ ಕೆಲಸಕ್ಕೆ ಹತ್ತಿರ ಹತ್ತಿರ ಎರಡು ಕೆಜಿ ಇದ್ದಿಲು ಬೇಕು, ಅದಕ್ಕೆ ಆರೇಳು ಕೆಜಿ ಗರಟೆ ಸುಡಬೇಕು. ಗರಟೆಯ ಅರ್ಧಕ್ಕರ್ಧ ಶಕ್ತಿ ಸುಡುವಾಗಲೇ ಹೊಗೆಯಾಗಿ ಹೋಗುತ್ತದೆ. ಅದಕ್ಕೇ ಈಗ ಆ ಹೊಗೆಯನ್ನು ಕೆಂಪಡಿಕೆ ಬೇಯಿಸುವ ಹಂಡೆಯ ಒಲೆಗೆ ತಿರುಗಿಸಿದ್ದೇನೆ, ಚೆನ್ನಾಗಿ ಉರಿಯುತ್ತದೆ. ಕೂಲಿ ಹಿಡಿದರೆ ಪೆಟ್ರೋಲೇ ಅಗ್ಗ.

ಸಿಪ್ಪೆಗೂ ಒಂದು ಕೆಲಸ ಸಿಕ್ಕಿದೆ. ತಣಿದ ಗ್ಯಾಸಿನ ಮಸಿ ಹಿಡಿಯಲು ಫಿಲ್ಟರ್ ಡಬ್ಬಿಗೆ ಅದನ್ನೇ ತುಂಬುತ್ತೇನೆ, ತಿಂಗಳಿಗೊಮ್ಮೆ ಬದಲಿಸಿದರೆ ಸಾಕು. ಮೊದಲ ದಿನದ ‘ಡೀಸೆಲ್’ ಕ್ಯಾನು ಇನ್ನೂ ಇದೆ. ತಳದ ಡಾಂಬರು ಜೋನಿ ಬೆಲ್ಲಕ್ಕಿಂತ ಮಂದವಾಗಿದೆ. ಅಪ್ಪ ಅದನ್ನು ಬಿಸಿ ಮಾಡಿ ಬೇಲಿ ಗೂಟದ ಬುಡಕ್ಕೆ ಬಳಿಯುತ್ತಿದ್ದಾರೆ, ಒರಲೆ ಹತ್ತದಿರಲಿ ಅಂತ.